ಟೊಮೆಟೊ ಕ್ರೇಟಿನಲ್ಲಿ ನಲಿಕಲಿ ಕಾರ್ಡು

ನಮ್ಮದು ಮುಳಬಾಗಿಲು ಕಡೆಯ ಸಣ್ಣ ಸರ್ಕಾರಿ ಶಾಲೆ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ನಲಿಕಲಿ ಕೊಠಡಿಯಲ್ಲಿ ಕೂರುತ್ತಾರೆ. ನಲಿಕಲಿ ಅಂದರೆ ಮಕ್ಕಳು ಚಟುವಟಿಕೆ ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಇಲ್ಲಿ ಸಾಲು ಬೆಂಚು ಕೆಲಸಕ್ಕೆ ಬರುವುದಿಲ್ಲ. ಮಗುವಿನ ಕೈಗೆ ಬಂದ ಕಾರ್ಡು ನೋಡಿ 5 ಗುಂಪು, ಗುಂಪಿನ ಗುರುತಿಗೆ 5 ತಟ್ಟೆ. ಟೀಚರ್ ಸಹಾಯ ಪೂರ್ತಿ ಬೇಕಾದ ಗುಂಪು ನನ್ನ ಪಕ್ಕದಲ್ಲೇ. ಸ್ವಂತ ಕಲಿಯುವವರು ಕಿಟಕಿ ಹತ್ತಿರ, ಬೆಳಕು ಜಾಸ್ತಿ ಇರುವ ಕಡೆ.

ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ನನಗೆ ಸುತರಾಂ ಇಷ್ಟವಿಲ್ಲ. ಮಕ್ಕಳ ಕೈಗೆ ಸಿಗದ ಸಾಮಾನು ಇದ್ದೂ ಇಲ್ಲದ ಹಾಗೆ. ಕೋಲಾರದಲ್ಲಿ ಟೊಮೆಟೊ ಕ್ರೇಟಿಗೆ ಬರವಿಲ್ಲ ಅಲ್ವಾ? ಪೋಷಕರೊಬ್ಬರು ಕೊಟ್ಟ ಹಳೇ ಕ್ರೇಟುಗಳನ್ನು ಸೋಪು ಹಾಕಿ ತೊಳೆದೆ. ಅಡ್ಡ ಮಲಗಿಸಿ, ಎರಡೆರಡು ಜೋಡಿಸಿ ತಂತಿಯಲ್ಲಿ ಬಿಗಿದೆ. ಒಂದನೇ ತರಗತಿ ಮಗುವಿನ ಎದೆ ಮಟ್ಟ, ಅಷ್ಟೇ ಎತ್ತರ. ಕಾರ್ಡಿನ ಮೇಲಿರುವ ಚಿತ್ರವನ್ನೇ ಕ್ರೇಟಿನ ಬಾಯಿಗೂ ಅಂಟಿಸಿದ್ದೇನೆ. ಅಕ್ಷರ ಬಾರದ ಮಗುವೂ ಚಿತ್ರ ನೋಡಿ ಕಾರ್ಡು ತೆಗೆಯುತ್ತದೆ, ಮುಗಿದ ಮೇಲೆ ಅಲ್ಲೇ ಇಡುತ್ತದೆ. ಅದನ್ನು ನೋಡುವುದೇ ಒಂದು ಖುಷಿ.

ಎಣಿಸುವ ಹುಣಸೆ ಬೀಜಕ್ಕೆ ಮುಚ್ಚಳದ ಡಬ್ಬಿ ಬೇಕೇ ಬೇಕು. ಬ್ಯಾಗುಗಳಿಗೆ ಗೋಡೆಯಲ್ಲಿ ತಗ್ಗಾಗಿ ಮೊಳೆ ಹೊಡೆಸಿ, ನಡೆಯುವ ದಾರಿ ಸಲೀಸಾಗುತ್ತದೆ. ಪೆನ್ಸಿಲ್ ಮಾತ್ರ ಗುಂಪಿಗೊಂದು ಡಬ್ಬಿ. ನನ್ನದು, ನಿನ್ನದು ಅನ್ನುವ ಜಗಳ ಬಹಳ ಕಡಿಮೆಯಾಗಿದೆ. ಮುಂದಿನ ವಾರ ಕಲಿಕಾ ಚಪ್ಪರದ, ಅಂದರೆ ಮಕ್ಕಳ ಕೆಲಸ ನೇತುಹಾಕಲು ತಲೆಯ ಮೇಲೆ ಕಟ್ಟಿರುವ ದಾರಗಳ ಚಪ್ಪರದ, ದಾರ ಬದಲಿಸಬೇಕು, ಮಕ್ಕಳ ಚಿತ್ರಗಳ ಭಾರಕ್ಕೆ ಜೋಲು ಬಿದ್ದಿದೆ.