ವಿಂಗೆಗೋರ್ ಪುಕ್ಕಲರೇ?

ಸೈಕ್ಲಿಂಗ್ ರೇಸ್ ನೋಡುವವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಾರದೆ ಮಾತು ಮುಗಿಯುವುದಿಲ್ಲ. ‘ಪೊಗಾಚಾರ್ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸಿಕ್ಕ ರೇಸಿಗೆಲ್ಲ ಇಳಿದು ಕಾದಾಡುತ್ತಾರೆ. ವಿಂಗೆಗೋರ್ ಜುಲೈನ ಟೂರ್ ಡಿ ಫ್ರಾನ್ಸ್ ಬರುವವರೆಗೆ ಅಡಗಿ ಕೂರುತ್ತಾರೆ. ಇದು ಹೆದರಿಕೆಯಲ್ಲದೆ ಮತ್ತೇನು?’ ಕೇಳುವವರು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ನಾನು ಹೂಂಗುಟ್ಟಿದರೆ ಸಾಕು. ನಾನು ಹೂಂಗುಟ್ಟುವುದಿಲ್ಲ.

ಸ್ಲೊವೇನಿಯಾದ ತಾದೆಯ್ ಪೊಗಾಚಾರ್ ಏನೆಂಬುದನ್ನು ಹೊಸಬರಿಗಾಗಿ ಹೇಳಿಬಿಡುತ್ತೇನೆ. 2020, 2021, 2024 ಮತ್ತು 2025ರಲ್ಲಿ ಮೂರು ವಾರಗಳ ಟೂರ್ ಡಿ ಫ್ರಾನ್ಸ್ ಗೆದ್ದವರು. 2024ರಲ್ಲಿ ಇಟಲಿಯ ಜಿರೊ, ಆ ವರ್ಷವೂ ಮರುವರ್ಷವೂ ವಿಶ್ವ ಚಾಂಪಿಯನ್‌ಷಿಪ್, ಒಂದು ದಿನದ ರೇಸ್‌ಗಳಲ್ಲಿ 2021ರಿಂದ 2025ರವರೆಗೆ ಸತತ ಐದು ಸಲ ಇಟಲಿಯ ಲೊಂಬಾರ್ಡಿಯಾ, 2023 ಮತ್ತು 2025ರಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್. 2024ರ ಸ್ಟ್ರಾದೆ ಬಿಯಾಂಕೆಯಲ್ಲಿ ಗುರಿ ಇನ್ನೂ 80 ಕಿಲೋಮೀಟರಿಗಿಂತ ದೂರವಿರುವಾಗಲೇ ಎಲ್ಲರನ್ನೂ ಬಿಟ್ಟು ಒಬ್ಬರೇ ಹೊರಟು ಗೆದ್ದರು. ಇಂಥವರನ್ನು ಅಳತೆಗೋಲಾಗಿ ಹಿಡಿದರೆ ಜಗತ್ತಿನ ಉಳಿದ ಸವಾರರೆಲ್ಲ ಸೋಮಾರಿಗಳಂತೆ ಕಾಣದೆ ಇನ್ನೇನಾದೀತು?

ಡೆನ್ಮಾರ್ಕ್‌ನ ಯೋನಾಸ್ ವಿಂಗೆಗೋರ್ ಅಡಗಿ ಕೂರುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. 2023ರಲ್ಲಿ ಬಾಸ್ಕ್ ನಾಡಿನ ಇಟ್ಸುಲಿಯಾವನ್ನೂ ಜೂನ್‌ನಲ್ಲಿ ದೊಫಿನೆಯನ್ನೂ ಗೆದ್ದೇ ಅವರು ಟೂರ್‌ಗೆ ಬಂದರು. 2024ರಲ್ಲಿ ತಿರ್ರೆನೊ–ಆದ್ರಿಯಾತಿಕೊ ಅವರದಾಯಿತು. 2025ರಲ್ಲಿ ಫೆಬ್ರುವರಿಯ ಅಲ್ಗಾರ್ವೆಯಿಂದ ಸೆಪ್ಟೆಂಬರ್‌ನಲ್ಲಿ ಮುಗಿಯುವ ಸ್ಪೇನ್‌ನ ವುಯೆಲ್ಟಾವರೆಗೆ ಗೆಲುವುಗಳಿವೆ. ಆದರೆ ಇವೆಲ್ಲ ಹಲವು ದಿನಗಳ ರೇಸ್‌ಗಳು. ಅಭಿಮಾನಿಗಳು ಲೆಕ್ಕ ಕೇಳುವುದು ಒಂದು ದಿನದ ರೇಸ್‌ಗಳದ್ದು, ಅದರಲ್ಲೂ ಫ್ಲಾಂಡರ್ಸ್, ರೂಬೆ, ಲೀಜ್, ಲೊಂಬಾರ್ಡಿಯಾ ಸೇರಿದಂತೆ ‘ಮಾನ್ಯುಮೆಂಟ್’ ಎನ್ನಿಸಿಕೊಂಡ ಐದು ಹಳೆಯ ರೇಸ್‌ಗಳದ್ದು.

ಅಲ್ಲಿಗೆ ಧೈರ್ಯದ ಮಾತು ಬಿಟ್ಟು ಮೈಕಟ್ಟಿನ ಮಾತು ಆಡಬೇಕಾಗುತ್ತದೆ. ಫ್ಲಾಂಡರ್ಸ್ ಎಂದರೆ 250 ಕಿಲೋಮೀಟರಿಗೂ ಹೆಚ್ಚು ದೂರ, ಸುಮಾರು ಆರು ಗಂಟೆ. ಏರುಗಳು ಗಿಡ್ಡ, ಕಡಿದು, ಹಲವು ಕಡೆ ಕಲ್ಲುಹಾಸು. ಏರು ಶುರುವಾಗುವ ಮೊದಲೇ ಇಕ್ಕಟ್ಟಾದ ರಸ್ತೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಮುಂದಿನ ಸಾಲಿಗೆ ನುಗ್ಗಿರಬೇಕು. ಹಿಂದುಳಿದವರಿಗೆ ಎಷ್ಟು ಶಕ್ತಿಯಿದ್ದರೂ ದಾರಿ ಸಿಗುವುದಿಲ್ಲ. ಆಮೇಲೆ ಒಂದೆರಡು ನಿಮಿಷ ಮೈಯಲ್ಲಿರುವುದನ್ನೆಲ್ಲ ಸುರಿದು ಮತ್ತೆ ಸಮತಟ್ಟಿನಲ್ಲಿ ಗಾಳಿ ಸೀಳಬೇಕು. ಸಮತಟ್ಟಿನಲ್ಲಿ ಗಾಳಿಯೇ ಶತ್ರು, ಅಲ್ಲಿ ಒಟ್ಟು ಶಕ್ತಿ ಎಷ್ಟು ಎಂಬುದು ಮುಖ್ಯ. ಉದ್ದನೆಯ ಪರ್ವತದಲ್ಲಿ ವೇಗ ತಗ್ಗುತ್ತದೆ, ಗಾಳಿಯ ಕಾಟ ಕಡಿಮೆಯಾಗುತ್ತದೆ, ದೇಹದ ತೂಕವೇ ಶತ್ರುವಾಗುತ್ತದೆ. ಅಲ್ಲಿ ಒಂದು ಕೆ.ಜಿ. ತೂಕಕ್ಕೆ ಎಷ್ಟು ಶಕ್ತಿ ಎಂಬುದು ಲೆಕ್ಕ. ವಿಂಗೆಗೋರ್ ತೂಕ 60 ಕೆ.ಜಿ.ಯ ಆಸುಪಾಸು. ನಲವತ್ತು ನಿಮಿಷದ ಏರಿಗೆ ಒಂದೇ ಲಯದಲ್ಲಿ ಉರಿಯುವ ಎಂಜಿನ್ ಅದು. ಅವರನ್ನು ಫ್ಲಾಂಡರ್ಸ್‌ಗೆ ಬಾ ಎನ್ನುವುದು ಮ್ಯಾರಥಾನ್ ಓಟಗಾರನಿಗೆ ಕುಸ್ತಿ ಅಖಾಡ ತೋರಿಸಿದಂತೆ. ಪೊಗಾಚಾರ್ ಎರಡೂ ಕಡೆ ಗೆಲ್ಲುತ್ತಾರೆ ಎಂಬುದು ಪೊಗಾಚಾರ್ ಅವರ ವಿಶೇಷ, ವಿಂಗೆಗೋರ್ ಅವರ ಕೊರತೆಯಲ್ಲ.

ತಂಡದ ಲೆಕ್ಕವೂ ಇದೆ, ಇದನ್ನು ಅಭಿಮಾನಿಗಳು ಸುಲಭವಾಗಿ ಮರೆಯುತ್ತಾರೆ. ಯಾರು ಎಲ್ಲಿ ಇಳಿಯಬೇಕೆಂಬುದನ್ನು ಚಳಿಗಾಲದಲ್ಲೇ ತಂಡದ ಜೊತೆ ಕುಳಿತು ನಿರ್ಧರಿಸುತ್ತಾರೆ. ವಿಂಗೆಗೋರ್ ಇರುವ ವಿಸ್ಮಾ ತಂಡದಲ್ಲಿ ಕಲ್ಲುಹಾಸಿನ ರೇಸ್‌ಗಳಿಗೆ ವೌಟ್ ವಾನ್ ಆರ್ಟ್ ಇದ್ದಾರೆ. ಆ ವಾರಗಳಲ್ಲಿ ವಿಂಗೆಗೋರ್ ಎತ್ತರದ ಬೆಟ್ಟದ ಮೇಲೆ ತರಬೇತಿ ಶಿಬಿರದಲ್ಲಿದ್ದರೆ ತಂಡಕ್ಕೆ ಲಾಭವೇ.

ಇಲ್ಲಿಗೆ ಬಂದಾಗ ಯಾರಾದರೂ ಫ್ರಾನ್ಸ್‌ನ ಹಳೆಯ ಟೂರ್ ಚಾಂಪಿಯನ್ ಬರ್ನಾರ್ಡ್ ಹಿನೊ ಅವರ ಹೆಸರು ಎತ್ತುತ್ತಾರೆ. ಕಲ್ಲುಹಾಸಿನ ಪ್ಯಾರಿಸ್–ರೂಬೆಯನ್ನು ಕಂಡರಾಗದಿದ್ದರೂ ಹೋಗಿ 1981ರಲ್ಲಿ ಗೆದ್ದು ತೋರಿಸಿದವರಲ್ಲವೇ ಎಂದು. ಸರಿ. ಹಾಗಾದರೆ ಮಿಗೆಲ್ ಇಂಡುರೈನ್? 1991ರಿಂದ 1995ರವರೆಗೆ ಸತತ ಐದು ಟೂರ್ ಗೆದ್ದವರು, ಒಂದು ಮಾನ್ಯುಮೆಂಟ್ ಕೂಡ ಗೆಲ್ಲಲಿಲ್ಲ. ಅವರನ್ನು ಪುಕ್ಕಲ ಎಂದವರನ್ನು ನಾನು ಕಂಡಿಲ್ಲ.

ಧೈರ್ಯದ ಬಗ್ಗೆಯೇ ಮಾತಾಡಬೇಕೆಂದರೆ 2022ರ ಟೂರ್‌ನ ಹನ್ನೊಂದನೆಯ ಹಂತಕ್ಕೆ ಹೋಗೋಣ. ಆ ದಿನವನ್ನು ನಾನು ಬೇಸರವಿಲ್ಲದೆ ಎಷ್ಟು ಸಲ ಬೇಕಾದರೂ ನೋಡಬಲ್ಲೆ. ಒಟ್ಟಾರೆ ಮುಂದಿರುವವರು ತೊಡುವ ಹಳದಿ ಜೆರ್ಸಿ ಪೊಗಾಚಾರ್ ಮೈಮೇಲಿತ್ತು. ಎರಡು ಟೂರ್ ಗೆದ್ದಾಗಿತ್ತು. ಮೂರನೆಯದೂ ಅವರದೇ ಎಂದು ಹಲವರು ಬರೆದೂ ಆಗಿತ್ತು. ಗುರಿ 2,400 ಮೀಟರಿಗಿಂತ ಎತ್ತರದ ಗ್ರಾನೋನ್ ಕಣಿವೆದಾರಿ. ಅದಕ್ಕೂ ಮೊದಲೇ, ಗಾಲಿಬಿಯೇ ಏರುವಾಗಲೇ, ಆಗ ವಿಂಗೆಗೋರ್ ತಂಡದಲ್ಲೇ ಇದ್ದ ಪ್ರಿಮೋಜ್ ರೋಗ್ಲಿಚ್ ಒಮ್ಮೆ, ವಿಂಗೆಗೋರ್ ಒಮ್ಮೆ, ಮತ್ತೆ ರೋಗ್ಲಿಚ್, ಹೀಗೆ ಸರದಿಯ ಮೇಲೆ ದಾಳಿ ಮಾಡಿದರು. ಪೊಗಾಚಾರ್ ಪ್ರತಿಯೊಂದಕ್ಕೂ ತಾವೇ ಎದ್ದು ಉತ್ತರ ಕೊಟ್ಟರು, ನಗುತ್ತಲೇ ಕೊಟ್ಟರು. ಅವರಿಗೆ ಹಾಗೆ ಆಡುವುದು ಇಷ್ಟ, ಎದುರಾಳಿಗಳಿಗೂ ಅದು ಗೊತ್ತಿತ್ತು. ಅವರ ಧಾರಾಳತನವನ್ನೇ ಗುರಿಯಾಗಿಸಿ ಹೆಣೆದ ಯೋಜನೆ ಅದು. ಗ್ರಾನೋನ್‌ನ ಕೊನೆಯ ಐದು ಕಿಲೋಮೀಟರಿನ ಸುಮಾರಿಗೆ ವಿಂಗೆಗೋರ್ ಎದ್ದು ಹೊರಟಾಗ ಪೊಗಾಚಾರ್ ಕಾಲುಗಳಲ್ಲಿ ಏನೂ ಉಳಿದಿರಲಿಲ್ಲ. ಆ ಸಂಜೆಗೆ ಸುಮಾರು ಮೂರು ನಿಮಿಷ ಹೋಗಿತ್ತು, ಹಳದಿ ಜೆರ್ಸಿಯೂ ಹೋಗಿತ್ತು. ಆ ಯೋಜನೆ ಕೈಕೊಟ್ಟಿದ್ದರೆ ರೋಗ್ಲಿಚ್ ಜೊತೆಗೆ ವಿಂಗೆಗೋರ್ ಕೂಡ ಆ ಏರಿನಲ್ಲೇ ಟೂರ್ ಕಳೆದುಕೊಳ್ಳುತ್ತಿದ್ದರು. ಪುಕ್ಕಲರು ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟು ಪ್ಯಾರಿಸ್ ಸೇರುತ್ತಾರೆ.

ಇನ್ನು ಪ್ರಶ್ನೆಯನ್ನು ತಿರುಗಿಸಿ ಕೇಳುತ್ತೇನೆ. ಪೊಗಾಚಾರ್ 2019ರಲ್ಲಿ, ಇನ್ನೂ ಇಪ್ಪತ್ತರ ಹುಡುಗನಾಗಿದ್ದಾಗ, ವುಯೆಲ್ಟಾದಲ್ಲಿ ಮೂರು ಹಂತ ಗೆದ್ದು ಒಟ್ಟಾರೆ ಮೂರನೆಯವರಾದರು. ಅದಾದ ಮೇಲೆ 2025ರವರೆಗೆ ಮತ್ತೆ ಅತ್ತ ತಲೆಹಾಕಲಿಲ್ಲ. ಮೂರು ದೊಡ್ಡ ಟೂರ್‌ಗಳಲ್ಲಿ ಅವರಿಗೆ ಬಾಕಿ ಉಳಿದದ್ದು ಅದೊಂದೇ, ಆದರೂ. ಇದಕ್ಕೆ ಅಭಿಮಾನಿಗಳು ‘ದಣಿವು’, ‘ವಿಶ್ವ ಚಾಂಪಿಯನ್‌ಷಿಪ್‌ಗೆ ತಯಾರಿ’ ಎಂಬ ಒಳ್ಳೆಯ ಕಾರಣಗಳನ್ನೇ ಕೊಡುತ್ತಾರೆ, ನಾನೂ ಒಪ್ಪುತ್ತೇನೆ. ಅದೇ ಔದಾರ್ಯ ಡೆನ್ಮಾರ್ಕ್‌ನವರಿಗೆ ಯಾಕೆ ಸಿಗುವುದಿಲ್ಲ?

‘ಹೆಚ್ಚು ರೇಸ್ ಎಂದರೆ ಹೆಚ್ಚು ಅಪಾಯ, ಅದನ್ನು ಹೊರುವವರೇ ವೀರರು’ ಎಂಬ ವಾದವೂ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಪೊಗಾಚಾರ್ 2023ರ ಏಪ್ರಿಲ್‌ನಲ್ಲಿ ಲೀಜ್ ರೇಸಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ವರ್ಷದ ಟೂರ್‌ನಲ್ಲಿ ವಿಂಗೆಗೋರ್ ಎದುರು ಏಳೂವರೆ ನಿಮಿಷದ ಹತ್ತಿರದ ಅಂತರದಿಂದ ಸೋತರು. ನಿಜ. ಆದರೆ ಎಚ್ಚರದ ಕ್ಯಾಲೆಂಡರ್ ಇಟ್ಟುಕೊಂಡ ವಿಂಗೆಗೋರ್ 2024ರ ಏಪ್ರಿಲ್‌ನಲ್ಲಿ ಇಟ್ಸುಲಿಯಾದ ಒಂದು ಇಳಿಜಾರಿನಲ್ಲಿ ಬಿದ್ದು ಕಾಲರ್ ಎಲುಬು, ಪಕ್ಕೆಲುಬುಗಳನ್ನು ಮುರಿದುಕೊಂಡರು, ಶ್ವಾಸಕೋಶಕ್ಕೂ ಪೆಟ್ಟಾಯಿತು. ಸುಮಾರು ಮೂರು ತಿಂಗಳಲ್ಲೇ, ಟೂರ್‌ನಲ್ಲಿ, ಲ ಲಿಯೋರಾನ್‌ನ ಗುರಿಗೆರೆಯಲ್ಲಿ ಪೊಗಾಚಾರ್ ಅವರನ್ನೇ ಸ್ಪ್ರಿಂಟ್‌ನಲ್ಲಿ ಹಿಂದಿಕ್ಕಿ ಹಂತ ಗೆದ್ದು ಕಣ್ಣೀರಿಟ್ಟರು. ಆ ಟೂರ್ ಪೊಗಾಚಾರ್ ಪಾಲಾಯಿತು, ಅದು ಬೇರೆ ಮಾತು.

ವಿಂಗೆಗೋರ್ ಪರ ವಕಾಲತ್ತು ಇಷ್ಟಕ್ಕೆ ನಿಲ್ಲುತ್ತದೆ. ಫ್ಲಾಂಡರ್ಸ್, ರೂಬೆಗಳಿಗೆ ಮಾಫಿ ಉಂಟು. ಲೀಜ್ ಮತ್ತು ಲೊಂಬಾರ್ಡಿಯಾಗಳಿಗೆ ಇಲ್ಲ. ಅವು ಏರು ಬಲ್ಲವರ ರೇಸ್‌ಗಳು. ಲೊಂಬಾರ್ಡಿಯಾ ಬರುವುದು ಅಕ್ಟೋಬರ್‌ನಲ್ಲಿ, ಟೂರ್ ಕೆಡುತ್ತದೆ ಎಂಬ ನೆಪವೂ ಅಲ್ಲಿ ನಡೆಯುವುದಿಲ್ಲ. ಐದು ವರ್ಷ ಆ ರೇಸ್ ಒಬ್ಬರ ಸ್ವಂತ ಆಸ್ತಿಯಾಗಿ ಕುಳಿತಿದೆ. ಬಂದು ಸೋಲಲಿ, ಪರವಾಗಿಲ್ಲ. 2025ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಬಂದು ಬಹಳ ಬೇಗ ಹಿಂದುಳಿದರಲ್ಲ, ಆಗ ನಕ್ಕವರು ನಗಲಿ.

ಇನ್ನೊಂದು ದೂರು ಇದಕ್ಕಿಂತ ದೊಡ್ಡದು, ಆದರೆ ಅದನ್ನು ಯಾರೂ ನನ್ನಲ್ಲಿ ಕೇಳುವುದಿಲ್ಲ. 2023ರ ವುಯೆಲ್ಟಾದಲ್ಲಿ ಮುಂದಿರುವವರ ಕೆಂಪು ಜೆರ್ಸಿ ಇದ್ದದ್ದು ಸ್ವಂತ ತಂಡದ ಸೆಪ್ ಕುಸ್ ಮೈಮೇಲೆ. ಅದೇ ವರ್ಷ ಜಿರೊದಲ್ಲಿ ರೋಗ್ಲಿಚ್‌ಗಾಗಿ, ಟೂರ್‌ನಲ್ಲಿ ವಿಂಗೆಗೋರ್‌ಗಾಗಿ ದುಡಿದು ಬಂದಿದ್ದ ಮನುಷ್ಯ. ಆಂಗ್ಲಿರು ಏರಿನಲ್ಲಿ ಆ ಇಬ್ಬರೂ ಅವರನ್ನು ಹಿಂದೆ ಬಿಟ್ಟು ಹೋದರು. ಬೇರೆ ತಂಡದ ಮಿಕೆಲ್ ಲಾಂಡಾ ಚಕ್ರದ ಹಿಂದೆ ಸಿಕ್ಕ ಆಸರೆಯಿಂದ ಕುಸ್ ಎಂಟು ಸೆಕೆಂಡುಗಳ ಅಂತರದಲ್ಲಿ ಜೆರ್ಸಿ ಉಳಿಸಿಕೊಂಡರು. ಮುಂದಿನ ದಿನಗಳಲ್ಲಿ ಇಬ್ಬರೂ ಕುಸ್‌ಗಾಗಿ ಸವಾರಿ ಮಾಡಿದರು, ಕುಸ್ ಗೆದ್ದರು. ಆದರೂ ಆ ಏರಿನ ಆ ಕೆಲವು ನಿಮಿಷಗಳನ್ನು ನಾನು ಮನ್ನಿಸಿಲ್ಲ. ಬೇಸರಕ್ಕೆ ಕಾರಣ ಇದ್ದರೆ ಅಲ್ಲಿದೆ.

ಹಾಗಾದರೆ ಇಬ್ಬರಲ್ಲಿ ಯಾರು ದೊಡ್ಡವರು ಎಂದರೆ, ಪೊಗಾಚಾರ್. ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲ, ಬೆಲ್ಜಿಯಂನ ಹಳೆಯ ದಿಗ್ಗಜ ಎಡ್ಡಿ ಮೆರ್ಕ್ಸ್ ಬಳಿಕ ಹೀಗೆ ಎಲ್ಲ ಬಗೆಯ ರೇಸ್‌ಗಳನ್ನೂ ಬಾಚಿಕೊಂಡವರು ಬೇರೆ ಯಾರಿದ್ದಾರೆ? ಆದರೆ 2025ರವರೆಗೆ ಅವರು ಇಳಿದ ಆರು ಟೂರ್‌ಗಳಲ್ಲಿ ಎರಡನ್ನು ಸೋತಿದ್ದಾರೆ, ಎರಡೂ ಸಲ ಈ ‘ಪುಕ್ಕಲ’ನ ಎದುರಿಗೇ.