ದಕ್ಕೆಯ ಬೆಕ್ಕುಗಳ ಸಂತಾನಹರಣ: ಮೀನುಗಾರಿಕೆ ನಿಷೇಧ ಮುಗಿಯುವುದರೊಳಗಿನ ಕೆಲಸ

ಜೂನ್ ಮೊದಲ ಭಾಗ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಂಗಳೂರಿನ ದಕ್ಕೆಯಲ್ಲಿ, ಅಂದರೆ ದೋಣಿಗಳು ಮೀನು ಇಳಿಸುವ ಕಟ್ಟೆಯಲ್ಲಿ, ಮೀನಿನ ರಾಶಿ ಇಲ್ಲ, ತಲೆ-ಕರುಳಿನ ಕಸವೂ ಇಲ್ಲ. ಉಳಿದ ತಿಂಗಳುಗಳಲ್ಲಿ ಬೋನಿನ ಕಡೆ ತಿರುಗಿಯೂ ನೋಡದ ಬೆಕ್ಕುಗಳು ಈಗ ಹಸಿದಿವೆ. ಕರಾವಳಿಯಲ್ಲಿ ಬೀದಿ ಬೆಕ್ಕು ಹಿಡಿಯಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು.

ಸದ್ಯಕ್ಕೆ ಬೋನು ಹೊರಗೆ ತೆಗೆದಿಲ್ಲ, ಊಟ ಮಾತ್ರ ನಡೆದಿದೆ. ದಿನಾ ಅದೇ ಜಾಗ, ಅದೇ ಹೊತ್ತು. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಬೇಕು. ಬಿಟ್ಟರೆ ಇರುವೆ, ಇಲಿ, ಕೊನೆಗೆ ಅಂಗಡಿಯವರ ತಕರಾರು. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಒಣ ಆಹಾರವಾದರೆ ದಿನಕ್ಕೆ 50–60 ಗ್ರಾಂ ಸಾಕು. ಮನೆಯಡುಗೆಯಾದರೆ ಮುಳ್ಳು ತೆಗೆದು ಬೇಯಿಸಿದ ಮೀನು ಹೆಚ್ಚು, ಅನ್ನ ಕಡಿಮೆ. ಉಳಿದ ಮೀನು ಸಾರು ಸುರಿಯಬೇಡಿ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಲೂ ಬೇಡ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಭೇದಿಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಹಾಕುವುದೇ ಇಡೀ ಕೆಲಸದ ಹಿಡಿ. ಸಂತಾನಹರಣ ಇಲ್ಲದೆ ಬರೀ ಊಟ ಹಾಕಿದರೆ ಮರಿಗಳು ಹೆಚ್ಚುತ್ತವೆ; ಊಟ ಹಾಕದೆ ಬೋನು ಮಾತ್ರ ಇಟ್ಟರೆ ಪಳಗಿದ ಬೆಕ್ಕುಗಳಷ್ಟೇ ಬೀಳುತ್ತವೆ. ಯಾವುದು ಗಬ್ಬವಾಗಿದೆ, ಯಾವುದು ಮರಿ ಹಾಕಿದೆ ಎಂದು ತಿಳಿಯುವುದೂ ಊಟದ ಹೊತ್ತಿನಲ್ಲೇ. ಇದರಲ್ಲಿ ಮೀನು ಮಾರುವ ಅಕ್ಕಂದಿರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು, ಮೊದಲು ಅವರನ್ನು ಕೇಳಿ.

ಜೂನ್ ಕೊನೆ

ಐಸ್ ಪ್ಲಾಂಟ್ ಕಡೆಯ ಗುಂಪು ಪೂರ್ತಿ ಮುಗಿದಿದೆ. ಅಲ್ಲೊಂದು ಇಲ್ಲೊಂದು ಹಿಡಿಯದೆ, ಒಂದು ಗುಂಪನ್ನು ಮುಗಿಸಿಯೇ ಮುಂದಿನದಕ್ಕೆ ಹೋಗುವ ಕ್ರಮ ಇದು. ಅದರೊಳಗೂ ಹೆಣ್ಣು ಮೊದಲು. ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತದೆ, ಗರ್ಭ ಸುಮಾರು 63–65 ದಿನ, ಮರಿಗೆ ಹಾಲೂಡುವಾಗಲೇ ಮತ್ತೆ ಗಬ್ಬವಾಗಬಲ್ಲದು. ಒಂದು ಹೆಣ್ಣು ತಪ್ಪಿಸಿಕೊಂಡರೂ ವರ್ಷದೊಳಗೆ ಗುಂಪು ಮತ್ತೆ ತುಂಬುತ್ತದೆ.

ಬೋನು ಸುಮಾರು 30–36 ಇಂಚು ಉದ್ದದ್ದು, ತುಳಿಹಲಗೆ (ಬೆಕ್ಕು ತುಳಿದರೆ ಬಾಗಿಲು ಬೀಳಿಸುವ ಹಲಗೆ) ಇರುವಂಥದ್ದು. ತಳದ ತಂತಿಯ ಮೇಲೆ ಪೇಪರ್ ಹಾಸಿ. ಕಾಲಿಗೆ ತಂತಿ ತಾಗಿದರೆ ಬೆಕ್ಕು ಹಿಂದೆ ಸರಿಯುತ್ತದೆ. ಬೇಯಿಸಿದ ಬೂತಾಯಿ ಮೀನು ಒಂದೇ ಚಮಚ, ಹಲಗೆಯ ಆಚೆ, ಕಟ್ಟಕಡೆಯಲ್ಲಿ. ಹೆಚ್ಚು ಇಟ್ಟರೆ ಅರಿವಳಿಕೆಯ ಹೊತ್ತಿಗೆ ಹೊಟ್ಟೆ ತುಂಬಿದ್ದು, ವಾಂತಿ ಶ್ವಾಸನಾಳಕ್ಕೆ ಹೋಗುವ ಅಪಾಯ. ದೊಡ್ಡ ಬೆಕ್ಕನ್ನು ಹಿಂದಿನ ರಾತ್ರಿ ಹಿಡಿದು ಬೆಳಿಗ್ಗೆ ಒಯ್ಯುವುದು ಸರಿ. ಮರಿಗಳನ್ನು ನಾಲ್ಕು ಗಂಟೆಗಿಂತ ಹೆಚ್ಚು ಉಪವಾಸ ಇಡಬಾರದು, ರಕ್ತದ ಸಕ್ಕರೆ ಬೇಗ ಇಳಿಯುತ್ತದೆ.

ಬಾಗಿಲು ಬಿದ್ದ ಕೂಡಲೇ ಬೋನಿಗೆ ಪೂರ್ತಿ ಬಟ್ಟೆ ಹೊದಿಸಿ. ಕತ್ತಲಾದರೆ ಬೆಕ್ಕು ಶಾಂತವಾಗುತ್ತದೆ. ತಡಮಾಡಿದರೆ ತಂತಿಗೆ ಮುಖ ಬಡಿದು ಮೂಗು ಒಡೆದುಕೊಳ್ಳುತ್ತದೆ.

ಇಲ್ಲಿ ಬೋನು ಕೈಕೊಡುವುದಕ್ಕೆ ಮುಖ್ಯ ಕಾರಣ ಉಪ್ಪುಗಾಳಿ. ಸ್ಪ್ರಿಂಗ್, ಕೊಂಡಿಗಳು ತುಕ್ಕು ಹಿಡಿದು ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ, ಬೆಕ್ಕು ಹೊರಗೆ ನುಗ್ಗಿ ಮತ್ತೆ ಹತ್ತಿರ ಬರುವುದಿಲ್ಲ. ಪ್ರತಿ ಸಂಜೆ ಎಣ್ಣೆ ಸವರಿ, ಖಾಲಿ ಬೋನನ್ನು ಕೆಲವು ಸಲ ಬೀಳಿಸಿ ನೋಡಿ. ಮರಿಗಳ ಭಾರಕ್ಕೆ ಹಲಗೆ ಬಾಗದಿದ್ದರೆ ಬಾಗಿಲಿಗೆ ನೀರು ತುಂಬಿದ ಬಾಟಲಿಯ ಆಸರೆ ಕೊಟ್ಟು, ಅದಕ್ಕೆ ದಾರ ಕಟ್ಟಿ ದೂರದಿಂದ ಎಳೆಯಬಹುದು. ಬಾಲ ಪೂರ್ತಿ ಒಳಗೆ ಹೋಗುವ ತನಕ ಎಳೆಯಬೇಡಿ.

ಜುಲೈ

ಹರಾಜು ಕಟ್ಟೆಯ ಕಡೆ ಕೆಲಸ ನಡೆದಿದೆ. ಅಲ್ಲಿ ಹಾಲೂಡುವ ತಾಯಂದಿರು ಹೆಚ್ಚು. ಮೊಲೆ ಉಬ್ಬಿ ಸುತ್ತಲಿನ ಕೂದಲು ಉದುರಿದ್ದರೆ ಎಲ್ಲೋ ಮರಿಗಳಿವೆ ಎಂದರ್ಥ. ಇಂಥವಕ್ಕೆ ಹೊಟ್ಟೆಯ ಬದಲು ಪಕ್ಕೆಯಲ್ಲಿ ಕೊಯ್ಯಲು ವೈದ್ಯರನ್ನು ಕೇಳಿ: ಹಾಲಿನ ಗ್ರಂಥಿಗೆ ತೊಂದರೆ ಕಡಿಮೆ, ಗಾಯ ದೂರದಿಂದಲೇ ಕಾಣುತ್ತದೆ. ಪೂರ್ತಿ ಎಚ್ಚರವಾದರೆ ವೈದ್ಯರ ಒಪ್ಪಿಗೆ ಪಡೆದು ಅದೇ ದಿನ ಬಿಡಬಹುದು. ಶಸ್ತ್ರಚಿಕಿತ್ಸೆಯಿಂದ ಹಾಲು ಬತ್ತುವುದಿಲ್ಲ. ಬೇರೆ ಹೆಣ್ಣುಗಳಿಗೆ ಎರಡು-ಮೂರು ದಿನ ಆರೈಕೆ, ಗಂಡಿಗೆ ಒಂದು ದಿನ.

ಸಂತಾನಹರಣ ಆಗಿದೆ ಎಂಬ ಗುರುತಿಗೆ, ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಸುಮಾರು 1 ಸೆಂ.ಮೀ. ನೇರವಾಗಿ ಕತ್ತರಿಸುತ್ತಾರೆ. ಸಣ್ಣ ಕಚ್ಚು ಮಾಡಿದರೆ ಸಾಲದು, ಜಗಳದಲ್ಲಿ ಹರಿದ ಕಿವಿಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ರೇಬೀಸ್ ಲಸಿಕೆಯೂ ಅದೇ ಹೊತ್ತಿಗೆ.

ಆರೈಕೆ ಕೋಣೆಯಲ್ಲಿ ಮಳೆಗಾಲದ ಕಷ್ಟ ಥಂಡಿ. ಅರಿವಳಿಕೆಯಿಂದ ಮೈಬಿಸಿ ಇಳಿದಿರುತ್ತದೆ, ಬರೀ ಸಿಮೆಂಟ್ ನೆಲದ ಮೇಲೆ ಬೋನು ಇಟ್ಟರೆ ಇನ್ನೂ ಇಳಿಯುತ್ತದೆ. ಕೆಳಗೆ ಮರದ ಹಲಗೆ, ಒಳಗೆ ಒಣಗಿದ ಹತ್ತಿ ಬಟ್ಟೆ ಬೇಕು. ಗೋಣಿಚೀಲ ಬೇಡ: ಒದ್ದೆಯಾದರೆ ಒಣಗುವುದಿಲ್ಲ, ನೂಲಿಗೆ ಉಗುರು ಸಿಕ್ಕಿಕೊಳ್ಳುತ್ತದೆ.

ನೆಲ ಒರೆಸಲು ಫಿನಾಯಿಲ್ ಬಳಸಲೇಬಾರದು. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ವಿಷವೇ. ಮರಿಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ ವೈರಸ್‌ಗೆ ಬ್ಲೀಚ್ ದ್ರಾವಣ ಬೇಕು: ಒಂದು ಪಾಲಿಗೆ 32 ಪಾಲು ನೀರು, ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಮೊದಲು ಸೋಪು ಹಾಕಿ ಕೊಳೆ ತೊಳೆಯದಿದ್ದರೆ ಬ್ಲೀಚಿನ ಶಕ್ತಿ ಕೊಳೆಯ ಮೇಲೇ ಮುಗಿಯುತ್ತದೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಯಾರೂ ಕೊಡದಿರಲಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಉಳಿದಿರುವುದು

ದೋಣಿ ರಿಪೇರಿ ಮಾಡುವ ಜಾಗ ಬಾಕಿಯಿದೆ. ಅಲ್ಲಿನ ಒಂದಿಷ್ಟು ಹಳೆಯ ಹೆಣ್ಣುಗಳು ಬೋನಿಗೆ ಬೀಳುವುದಿಲ್ಲ. ಅವಕ್ಕೆ ಮೂರಡಿ ಚೌಕದ ಮರದ ಚೌಕಟ್ಟಿಗೆ ಬಲೆ ಹೊಡೆದು, ಒಂದು ಬದಿಯನ್ನು ಕೋಲಿನಿಂದ ಎತ್ತಿ, ಕೋಲಿಗೆ ಹಗ್ಗ ಕಟ್ಟಿದ್ದು ತಯಾರಾಗಿದೆ. ಮೂರು-ನಾಲ್ಕು ದಿನ ಅದರಡಿಯಲ್ಲೇ ಉಣ್ಣಿಸಿ, ಆಮೇಲೆ ಎಳೆಯುವುದು. ಆಗಸ್ಟ್ 1ಕ್ಕೆ ದೋಣಿಗಳು ಹೊರಟು ಮೀನು ಬಂದರೆ ಒಂದು ಚಮಚ ಬೂತಾಯಿಗೆ ಯಾವ ಬೆಕ್ಕೂ ಬಾರದು. ಆದ್ದರಿಂದ ಹರಾಜು ಕಟ್ಟೆಯ ಗಂಡುಗಳನ್ನು ಮುಂದಕ್ಕೆ ಹಾಕಿ, ಈ ಹೆಣ್ಣುಗಳನ್ನು ಮೊದಲು ಹಿಡಿಯಲಾಗುತ್ತದೆ.