ಅಮಾಸಿಗೊಮ್ಮೆ ಗ್ರೀಸ್ ಹೊಡೆದರೆ ಸಾಲದು

ಮುಧೋಳದ ಕಡೆ ಅಮಾಸಿ ಬಂತೆಂದರೆ ಟ್ರ್ಯಾಕ್ಟರಿಗೆ ಸ್ನಾನ, ಪೂಜೆ. ಗ್ರೀಸೂ ಅವತ್ತೇ. ಮೊನ್ನೆಯ ಅಮಾಸಿಗೂ ಅಂಗಳದಲ್ಲಿ ಇದೇ ಕೆಲಸ. ಆದರೆ ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ 8 ತಾಸು ದುಡಿಯುವ ಗಾಡಿ ಒಂದು ಅಮಾಸಿಯಿಂದ ಇನ್ನೊಂದಕ್ಕೆ 200 ತಾಸು ದಾಟಿರುತ್ತದೆ. ಒಣ ಕೆಲಸಕ್ಕೆ 50 ತಾಸಿಗೊಮ್ಮೆ, ಕೆಸರು-ಧೂಳಿನಲ್ಲಾದರೆ ದಿನಾ ಸಂಜೆ ಹೊಡೆಯಬೇಕು. ನೋಡಬೇಕಾದ್ದು ತಾಸಿನ ಮೀಟರನ್ನು, ಪಂಚಾಂಗವನ್ನಲ್ಲ.

ಪಂಪಿನ ನೀರಿನಿಂದ ಟ್ರ್ಯಾಕ್ಟರ್ ತೊಳೆದ ಮೇಲಂತೂ ಗ್ರೀಸ್ ತಪ್ಪಿಸುವಂತಿಲ್ಲ. ಸಂದಿಗೆ ಹೊಕ್ಕ ನೀರನ್ನು ಹೊಸ ಗ್ರೀಸೇ ಹೊರಗೆ ತಳ್ಳಬೇಕು. ಮೊದಲು ನಿಪ್ಪಲ್, ಅಂದರೆ ಗ್ರೀಸ್ ಒಳಹೋಗುವ ಸಣ್ಣ ಮೂತಿ, ಒರೆಸಬೇಕು. ಇಲ್ಲದಿದ್ದರೆ ತುದಿಗೆ ಅಂಟಿದ ಎರಿ ಮಣ್ಣು ಗ್ರೀಸಿನ ಜೊತೆ ಒಳಗೆ ಹೋಗಿ ಬುಶ್ (ಪಿನ್ ತಿರುಗುವ ಲೋಹದ ಬಳೆ) ಸವೆಸುತ್ತದೆ.

ಹೆಚ್ಚು ಜನ ಎಡವುವುದು ಮುಂದಿನ ಆಕ್ಸಲ್‌ನ ಸೆಂಟರ್ ಪಿನ್ನಿನಲ್ಲಿ, ಅಂದರೆ ಆಕ್ಸಲ್ ಓಲಾಡುವ ನಡುವಿನ ಕೀಲಿನಲ್ಲಿ. ಇಂಜಿನ್ನಿನ ಭಾರವೆಲ್ಲ ಪಿನ್ನಿನ ಒಂದೇ ಮಗ್ಗುಲಿಗೆ ಒತ್ತಿರುತ್ತದೆ. ಗಾಡಿ ನೆಲದ ಮೇಲಿದ್ದಾಗ ಹೊಡೆದ ಗ್ರೀಸ್ ಸಡಿಲಿದ್ದ ಮಗ್ಗುಲಿಂದ ಹೊರಬಿದ್ದುಬಿಡುತ್ತದೆ, ಸವೆಯುವ ಜಾಗ ಒಣಗಿಯೇ ಉಳಿಯುತ್ತದೆ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ನಿನ ಕೆಳಗೆ ಜಾಕ್ ಹಚ್ಚಿ ಮುಂದಿನ ಎರಡೂ ಗಾಲಿ ತುಸು ಎತ್ತಿ, ಇಂಜಿನ್ನಿಗೇ ಆಸರೆಯಾಗಿ ಮರದ ದಿಮ್ಮಿ ಇಟ್ಟ ಮೇಲೆ ಗ್ರೀಸ್ ಗನ್ ಹಚ್ಚಿದರೆ ಮೊದಲು ಕರಿ ಗ್ರೀಸು, ಆಮೇಲೆ ಕೆಸರುನೀರು, ಕೊನೆಗೆ ಹೊಸದು ಇಣುಕುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಗಾಲಿ ಎಡಬಲ ತಿರುಗುವ ಕಿಂಗ್ ಪಿನ್ನಿಗೂ ಗಾಲಿ ಎತ್ತಿಯೇ ಹೊಡೆಯಬೇಕು, ಸ್ಟೇರಿಂಗ್ ಎಡಕ್ಕೂ ಬಲಕ್ಕೂ ತಿರುವುತ್ತ.

"ಹ್ಯಾಂಡಲ್ ಬಿಗಿಯಾತ್ರೀ ಅಣ್ಣಾರ, ಒಳಗ ತುಂಬೇತಿ" ಅಂದ ಡ್ರೈವರ್, ಮೊನ್ನೆ ಗನ್ ಒತ್ತುತ್ತ. ತುಂಬಿದ್ದಲ್ಲ, ನಿಪ್ಪಲ್ ಕಟ್ಟಿದ್ದು. ಹೊಸ ಗ್ರೀಸ್ ಹೊರಗೆ ಕಾಣದೆ ಹ್ಯಾಂಡಲ್ ಬಿಗಿಯಾದರೆ ನಿಪ್ಪಲ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ತುದಿಯ ಗುಂಡು ಒತ್ತಿ ನೋಡಬೇಕು. ಅದು ಮೇಲೆ ಪುಟಿಯದಿದ್ದರೆ ಹೊಸದು ಹಾಕುವುದೇ ಸರಿ. ಚಹಾ ಕುಡಿದಷ್ಟು ಖರ್ಚು.

ಮಣ್ಣು ಪುಡಿ ಮಾಡುವ ರೋಟಾವೇಟರಿಗೆ ಇಂಜಿನ್ನಿನ ಶಕ್ತಿ ಒಯ್ಯುವ ಪಿಟಿಒ ಶಾಫ್ಟಿನ ಎರಡೂ ತುದಿಯ ಕೀಲು, ಅಂದರೆ ಕ್ರಾಸ್‌ಗೆ ಪ್ರತಿ 8 ತಾಸಿಗೊಮ್ಮೆ ಬೇಕು. ಇಂಜಿನ್ ಬಂದ್ ಮಾಡಿ, ಚಾವಿ ಕಿಸೆಗೆ ಹಾಕಿಕೊಂಡ ಮೇಲೆಯೇ ಕೈ ಹಾಕಬೇಕು. ಒಂದರೊಳಗೊಂದು ಸರಿಯುವ ಪೈಪುಗಳನ್ನು ಬಹಳಷ್ಟು ಜನ ಮರೆಯುತ್ತಾರೆ. ಅವು ಒಣಗಿ ಹಿಡಿದುಕೊಂಡರೆ ಲಿಫ್ಟ್ ಎತ್ತಿದಾಗ ಶಾಫ್ಟಿನ ಒತ್ತಡ ನೇರ ಗೇರ್‌ಬಾಕ್ಸಿನ ಬೇರಿಂಗಿಗೆ ಬೀಳುತ್ತದೆ. ಬಿಚ್ಚಿ, ಒರೆಸಿ, ತೆಳ್ಳಗೆ ಹಚ್ಚಿದರೆ ಸಾಕು.

ಕ್ಲಚ್ ಶಾಫ್ಟಿಗೆ ಮಾತ್ರ ಕೈ ಬಿಗಿ ಇರಲಿ. ಎರಡು ಸಲ ಹ್ಯಾಂಡಲ್ ಒತ್ತಿದರೆ ಆಯ್ತು, ಹೆಚ್ಚಾದದ್ದು ಪ್ಲೇಟಿಗೆ ಹತ್ತಿದರೆ ಕ್ಲಚ್ ಜಾರುತ್ತದೆ. ಗ್ರೀಸ್ ಲಿಥಿಯಂನದೇ ಇರಲಿ. ಎತ್ತಿನ ಗಾಡಿಯ ಅಚ್ಚಿಗೆ ತಂದಿಟ್ಟ ಅಗ್ಗದ ಡಬ್ಬಿಯದನ್ನು ಇದರಲ್ಲಿ ಬೆರೆಸಬಾರದು, ಎರಡೂ ಕೂಡಿ ತೆಳುವಾಗಿ ಸೋರಿಹೋಗಬಹುದು. ಟ್ರಾಲಿಯ ಮುಂದಿನ ಗಾಲಿ ತಿರುಗಿಸುವ ಟರ್ನ್ ಟೇಬಲ್ಲಿಗೆ ಹೊಡೆಯುವುದು ಖಾಲಿ ಇದ್ದಾಗ, ಕಬ್ಬು ಹೇರುವ ಮೊದಲು.